ಸಂಘದ ಐದನೆಯ ಹೆಸರು

ಕೃಷ್ಣೆಯ ಕಾಲುವೆ ಅಗೆಯುವ ಕೆಲಸ ಶಹಾಪುರದ ಹೊಲಗಳಿಗೆ ಬಂದ ವರ್ಷವೇ ಊರಿನ ನಾಣ್ಯ ಸಂಗ್ರಾಹಕರ ಸಂಘವೂ ಹುಟ್ಟಿತು. ಅದಕ್ಕೆ ಇಪ್ಪತ್ತೈದು ತುಂಬಿದಾಗ ಇತಿಹಾಸದ ಪುಸ್ತಿಕೆ ಬರೆಯುವ ಕೆಲಸ ಕಾರ್ಯದರ್ಶಿ ಸಾಬಣ್ಣನ ಪಾಲಿಗೆ ಬಂತು. ತಹಸೀಲ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು, ಬರವಣಿಗೆ ಅವನಿಗೆ ಹೊಸದಲ್ಲ.

ಮೊದಲ ಸಭೆಯ ವಹಿ ತೆರೆದ. ಗಡಿಯಾರ ರಿಪೇರಿಯ ಅಬ್ದುಲ್ ಕರೀಮನ ಅಂಗಡಿಯಲ್ಲಿ ಸೇರಿದ ಸಭೆ ಅದು. ನಾಲ್ಕು ಸಹಿ, ಕೆಳಗೊಂದು ಹೆಬ್ಬೆಟ್ಟು. ಅದರ ಪಕ್ಕದಲ್ಲಿ ‘ಕಾಲುವೆ ಕೆಲಸದ ಹೆಂಗಸು’ ಎಂದಷ್ಟೇ ಬರೆದಿತ್ತು. ಅಕ್ಷರ ಸಾಬಣ್ಣನದೇ.

ಆಕೆ ಅವನಿಗೆ ಚೆನ್ನಾಗಿ ನೆನಪಿದ್ದಳು. ಮಣ್ಣು ಹೊರುವಾಗ ಸಿಕ್ಕ ಮೂರು ತಾಮ್ರದ ನಾಣ್ಯಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಅವುಗಳ ಮೇಲೆ ಏನು ಬರೆದಿದೆಯೆಂದು ಕೇಳಲು ಅಂಗಡಿಗೆ ಬಂದಿದ್ದಳು. ಫಾರಸಿ ಬಲ್ಲ ಕರೀಮ ಓದಿ ಹೇಳಿದ. ವಿಜಾಪುರದ ಬಾದಶಹರ ಕಾಲದವು. ಆ ಹೊತ್ತು ಅಲ್ಲಿದ್ದ ಐವರೇ ಸಂಘ ಕಟ್ಟಿದ್ದರು. “ಎಲ್ಲಾರೂ ನೋಡೂ ಹಂಗ ಇಡ್ರಿ” ಎಂದು ಆಕೆ ನಾಣ್ಯಗಳನ್ನು ಬಿಟ್ಟು, ಕೆಲಸ ಮುಂದಕ್ಕೆ ಸರಿದಂತೆ ತಾನೂ ಹೊರಟುಹೋದಳು.

ಕರೀಮ ಈಗಿರಲಿಲ್ಲ. ಸಾಬಣ್ಣ ಅವನ ಹೆಂಡತಿ ಚಾಂದಬೀಯನ್ನು ಆ ಹೆಂಗಸಿನ ಹೆಸರು ಕೇಳಿದ.

“ಮರಿಲಿಂಗಮ್ಮ. ತಿಂಥಣಿಯಾಕಿ” ಎಂದಳು ಚಾಂದಬೀ. “ಆವಾಗ ನೀವು ಹೆಸರು ಕೇಳಲಿಲ್ಲೇನ್ರಿ?”

ಸಾಬಣ್ಣ ಆ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡ.

ಮರುದಿನ ತಿಂಥಣಿಯ ಬಸ್ಸು ಹತ್ತಿದ. ಮೌನೇಶ್ವರ ಗುಡಿಯ ದಾರಿಯಲ್ಲಿ ಮರಿಲಿಂಗಮ್ಮ ತೆಂಗಿನಕಾಯಿ ಇಟ್ಟುಕೊಂಡು ಕೂತಿದ್ದಳು. ಅವನು ಯಾರೆಂದು ಹೇಳಿದ ಮೇಲೆ ಒಂದೇ ಮಾತು ಕೇಳಿದಳು: “ಮೂರೂ ಅದಾವಲ್ರಿ?”

ಇದಾವೆ ಅಂದುಬಿಡಬಹುದಿತ್ತು. ಆದರೆ ಹಾಗೆ ಹೇಳಲಿಲ್ಲ.

“ಎರಡು ಅದಾವ್ರಿ. ಒಂದನ್ನ ಹೈದರಾಬಾದಿನ ಸಂಘದವರಿಗೆ ಕೊಟ್ಟು, ಬದಲಿಗೆ ನಿಜಾಮರ ಬೆಳ್ಳಿ ರೂಪಾಯಿ ತಗೊಂಡ್ವಿ. ಕೊಟ್ಟಾಂವ ನಾನೇ.”

“ನಾ ಕೊಡ್ರಿ ಅಂದಿದ್ದಿಲ್ಲ” ಎಂದಳು. ಅಷ್ಟೇ. ಕಾಯಿಯ ಜುಟ್ಟು ಹಿರಿಯುತ್ತ ಕೂತಳು. ಅವನು ಹೊರಟುಬಂದ.

ಪುಸ್ತಿಕೆಯಲ್ಲಿ ಸಾಬಣ್ಣ ಆಕೆಯ ಹೆಸರನ್ನೂ ಬರೆದ, ತಾನು ನಾಣ್ಯ ಕೊಟ್ಟುಬಿಟ್ಟ ಸಂಗತಿಯನ್ನೂ ಬರೆದ. ಸಂಘದ ಅಧ್ಯಕ್ಷರು ಓದಿ ನೋಡಿದರು.

“ಹೆಸರು ಇರಲಿ. ಈ ನಾಣ್ಯದ ಮಾತೊಂದು ತಗೀರಿ. ಸಂಘದ ಮರ್ಯಾದಿ ಪ್ರಶ್ನೆ.”

“ತಪ್ಪು ನಂದ್ರಿ, ಸಂಘದ್ದಲ್ಲ.”

ಅಧ್ಯಕ್ಷರು ಕೇಳಲಿಲ್ಲ. ಅಚ್ಚಾದಾಗ ಆ ಸಾಲುಗಳು ಇರಲಿಲ್ಲ. ಇನ್ನೂರು ಪ್ರತಿಗಳ ಕಟ್ಟು ಬಂದದ್ದು ಸಾಬಣ್ಣನ ಮನೆಗೇ. ನಾಲ್ಕು ದಿನ ಕೂತು, ಪ್ರತಿಯೊಂದರ ಏಳನೆಯ ಪುಟದ ಅಂಚಿನಲ್ಲಿ ಆ ಸಾಲುಗಳನ್ನು ತನ್ನ ಕೈಯಿಂದಲೇ ಬರೆದ. ಬೆರಳು ಬಾತವು, ಮನಸ್ಸು ಮಾತ್ರ ಹಗುರವಾಯಿತು.

ಪುಸ್ತಿಕೆ ಹಂಚಿದ ವಾರದಲ್ಲೇ ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದ. ಸಾಬಣ್ಣ ನಾಣ್ಯದ ಪೆಟ್ಟಿಗೆಯ ಬೀಗದ ಕೈ ಒಪ್ಪಿಸಿದ.

ಒಂದು ಪ್ರತಿ ಹಿಡಿದು ಮತ್ತೆ ತಿಂಥಣಿಗೆ ಹೋದ. ಮರಿಲಿಂಗಮ್ಮನ ಪಕ್ಕದಲ್ಲಿ ನಿಂತು ಏಳನೆಯ ಪುಟ ಓದಿದ. ತನ್ನ ಹೆಸರು ಬಂದಾಗ ಆಕೆ ಕಾಯಿಯ ಜುಟ್ಟು ಹಿರಿಯುತ್ತಲೇ ಇದ್ದಳು. ಅಂಚಿನ ಸಾಲುಗಳು ಮುಗಿದಾಗ ಅವನತ್ತ ತಿರುಗಿದಳು.

“ಅದನ್ನ ಇನ್ನೊಮ್ಮಿ ಓದ್ರಿ.”

ಓದಿದ.

“ಹ್ಞೂಂ” ಎಂದು, ಕೂರಲು ಗೋಣಿಚೀಲವನ್ನು ಅವನತ್ತ ಸರಿಸಿದಳು. “ಬಿಸಲಾಗ ಬಂದೀರಿ. ಚಹಾ ತರಸ್ತೀನಿ, ಕುಂದರ್ರಿ.”