ತಿಥಿಯ ಕಾಲಂ

ತಿರುಗುತ್ತಿದೆ ಪರದೆಯ ಮೇಲಿನ ಚಕ್ರ, ದೀಪಾವಳಿ ಮಾರಾಟದ ಅಂದಾಜು ಇನ್ನೂ ತೆರೆದುಕೊಂಡಿಲ್ಲ, ನೆಟ್ಟು ನಿಧಾನ, ತಿರುಗಲಿ ಬಿಡು, ಇವತ್ತು ನನಗೇನೂ ಅವಸರವಿಲ್ಲ, ಕೀಬೋರ್ಡಿಗೂ ಕೊಬ್ಬರಿಯ ವಾಸನೆ, ಹೊರಗೆ ಮಂಡಿಯ ಅಂಗಳದಲ್ಲಿ ಹೆಂಗಸರು ಉಂಡೆ ಕೊಬ್ಬರಿ ಆರಿಸುತ್ತಿದ್ದಾರೆ, ಪುಟ್ಟಗೌರಮ್ಮನ ನಗು ಕೇಳುತ್ತಿದೆ, ಒಂದು ಕಾಲಕ್ಕೆ ನಾನೂ ಅವಳ ಪಕ್ಕ ಕೂತು ಒಡಕು ಬೇರೆ ಬಿಳುಪು ಬೇರೆ ಮಾಡುತ್ತಿದ್ದವಳು, ಕಂಪ್ಯೂಟರ್ ಕಲಿತು ಒಳಗೆ ಬಂದೆ — ಬಂದು ಏನು ಸುಖ ಕಂಡೆ, ಪ್ರತಿ ಸೋಮವಾರ ಹುಳಿಯಾರಿನ ಏಜೆಂಟಿಂದ ಒಂದು ಎಕ್ಸೆಲ್ ಶೀಟು, ಶೆಟ್ಟಿಕೆರೆಯಿಂದ ಇನ್ನೊಂದು, ದಂಡಿನಶಿವರದ ಹುಚ್ಚಣ್ಣನದು ಪೂರಾ ತಲೆಕೆಳಗು, ಒಬ್ಬ ಚೀಲದಲ್ಲಿ ಬರೆದರೆ ಇನ್ನೊಬ್ಬ ಕ್ವಿಂಟಾಲಿನಲ್ಲಿ, ಎಲ್ಲ ಅಂಟಿಸಿ ಒಂದು ಮಾಡುವಷ್ಟರಲ್ಲಿ ಬುಧವಾರ, ಆಮೇಲೆ ಸಾಹುಕಾರರ ಮಗ ರೇಣುಕಪ್ರಸಾದ್ ಹೋದ ವರ್ಷದ ತಾರೀಖನ್ನೇ ಎತ್ತಿ ಈ ವರ್ಷಕ್ಕೆ ಹಾಕಿ, ಇದೇ ಕಣ್ರೀ ಫೋರ್‌ಕಾಸ್ಟು ಅನ್ನುವುದು.

ಮೂರು ವರ್ಷದ ಹಿಂದೆ ಹಾಗೆ ಎತ್ತಿ ಹಾಕಿದ ತಾರೀಖಿಗೇ ನಾಲ್ಕು ಲಾರಿ ದೆಹಲಿಗೆ ಹೋದವು, ಅಧಿಕ ಮಾಸ ಬಂದು ರಾಖಿ ಹಬ್ಬ ಹತ್ತೊಂಬತ್ತು ದಿನ ಮುಂದಕ್ಕೆ ಹೋಗಿದೆ ಎಂದು ಶೀಟಿಗೆ ಯಾರು ಹೇಳಬೇಕು, ಅಲ್ಲಿನ ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ರಾಖಿ ಕಟ್ಟಿ ಕೈಗೆ ಕೊಬ್ಬರಿ ಇಡುವ ಹೊತ್ತಿಗೆ ನಮ್ಮದು ದೆಹಲಿಯ ಗೋದಾಮಿನಲ್ಲೇ ಮಳೆಗೆ ಬೂಷ್ಟು ಹಿಡಿದಿತ್ತು, ಬೈಸಿಕೊಂಡವಳು ಮಾತ್ರ ನಾನು, ಆ ಸಿಟ್ಟಿಗೇ ಹಳೇ ಪಂಚಾಂಗಗಳನ್ನೆಲ್ಲ ಹುಡುಕಿ ಹದಿನಾಲ್ಕು ವರ್ಷದ ಮಾರಾಟದ ಎದುರಿಗೆ ತಿಥಿ ತುಂಬಿದೆ, ಈ ವರ್ಷ ಏಜೆಂಟರೆಲ್ಲ ಫೋನಿನಲ್ಲೇ ಲೆಕ್ಕ ತುಂಬುವ ವೆಬ್‌ಸೈಟು ಕಟ್ಟಲು ತುಮಕೂರಿನಿಂದ ನಯನ ಬಂದಾಗ, ತಿಥಿಗೂ ಒಂದು ಕಾಲಂ ಇಡಮ್ಮ ಅಂದೆ, ಇದೇನು ಮೇಡಂ ಪೂಜೆ ಸಾಫ್ಟ್‌ವೇರಾ ಎಂದು ನಕ್ಕಳು, ಶೀಟು ತೋರಿಸಿದೆ, ನಗು ನಿಂತಿತು, ಕಾಲಂ ಬಂತು.

ಈ ಸಲವೂ ಅಧಿಕ ಮಾಸ, ಆಗಸ್ಟ್ ಹತ್ತರವರೆಗೆ ಲೋಡು ಬೇಡ ಅಂತು ವೆಬ್‌ಸೈಟು, ಎದುರು ಮಂಡಿಯಲ್ಲಿ ಜುಲೈಗೇ ಲಾರಿ ತುಂಬಿದವು, ನಮ್ಮಲ್ಲಿ ಒಂದು ಚೀಲ ಅಲ್ಲಾಡಲಿಲ್ಲ, ಸಾಹುಕಾರ್ ಶಂಭುಲಿಂಗಯ್ಯನವರು ಕನ್ನಡಕ ತೆಗೆದು, ನೋಡು ದಾನೇಶ್ವರಿ, ತಪ್ಪಿದ್ರೆ ಈ ವೆಬ್‌ಸೈಟೂ ಬ್ಯಾಡ, ನೀನೂ ವಾಪಸ್ ಅಂಗಳಕ್ಕೇ ಕಣಮ್ಮ ಅಂದರು, ಅಲ್ಲಿಂದ ದಿನಾ ಪಂಚಾಂಗ ತೆಗೆದು ತಿಥಿ ಎಣಿಸಿದೆ, ಪುಟ್ಟಗೌರಮ್ಮ ಬೇರೆ, ಬಾರೇ, ನಿನ್ ಜಾಗ ಹಂಗೇ ಮಡ್ಗಿವ್ನಿ ಎಂದು ಕಿಚಾಯಿಸುವುದು — ಹತ್ತು ಬಂತು, ದೆಹಲಿಯಿಂದ ಫೋನಿಲ್ಲ, ಹನ್ನೊಂದು, ಅಂದರೆ ಇವತ್ತು, ಬೆಳಗ್ಗೆ ದೆಹಲಿಯ ವ್ಯಾಪಾರಿ, ಬೇರೆಯವರ ಮಾಲೆಲ್ಲ ಬೂಷ್ಟು, ನಿಮ್ಮದು ನಾಲ್ಕೂ ಲಾರಿ ಇವತ್ತೇ ಬಿಡಿ, ಗೆದ್ದೆ, ಗೆದ್ದುಬಿಟ್ಟೆ, ಒಂದು ದಿನ ಹೆಚ್ಚುಕಮ್ಮಿ, ಅಷ್ಟು ಹೊಟ್ಟೆಗೆ ಹಾಕಿಕೊಂಡೆ, ಎಷ್ಟು ಖುಷಿ ಎಂದರೆ ಎದ್ದು ಕುಣಿಯಬೇಕು ಅನಿಸಿತು, ಕುಣಿಯಲಿಲ್ಲ, ರೇಣುಕಪ್ರಸಾದ್‌ಗೆ ಕಾಫಿ ತರಿಸಿದೆ, ಪಾಪ.

ಈಗ ಸಾಹುಕಾರರು ಗಾದಿ ಬಿಟ್ಟು ಎದ್ದು ಬಂದು ನನ್ನ ಕುರ್ಚಿಯ ಪಕ್ಕ ನಿಂತಿದ್ದಾರೆ, ಕೈಯಲ್ಲಿ ಮೊಬೈಲು, ಲಾರಿ ಆಫೀಸಿನ ನಂಬರಿನ ಮೇಲೆ ಹೆಬ್ಬೆರಳು, ದೀಪಾವಳಿ ಲೋಡ್ಗೆ ಈಗ್ಲೇ ಲಾರಿ ಹಿಡೀಬೇಕು, ಯಾವತ್ತು ಅಂತ ನೀನೇ ಹೇಳ್ಬುಡಮ್ಮ, ಯಾರನ್ನೂ ಕೇಳಿದವರಲ್ಲ ಇವರು, ಲಾರಿ ಹೊರಡುವ ದಿನ ಇವರ ಬಾಯಿಂದಲೇ ಬರಬೇಕು, ಹೆಬ್ಬೆರಳು ಗಾಳಿಯಲ್ಲೇ ಇದೆ, ತಾರೀಖು ಬಂತು ಪರದೆಗೆ, ಓದಿದೆ, ಹೇಳುತ್ತೇನೆ, ಒಂದು ಗಳಿಗೆ ತಡೆಯಿರಿ ಸಾಹುಕಾರ್ರೇ, ಇದನ್ನು ಕಣ್ತುಂಬ ನೋಡಿಕೊಳ್ಳುತ್ತೇನೆ, ಎಣ್ಣೆ ಮೆತ್ತಿದ ದಪ್ಪ ಹೆಬ್ಬೆರಳು, ಒತ್ತದೆ, ನನ್ನ ಮಾತಿಗೆ ಕಾಯುತ್ತಿರುವ ಹೆಬ್ಬೆರಳು —