ಸೋಲ್ತೀವಿ, ಬರ್ಕೊಳ್ಳಿ

ಮುನೀರ್ ಪಾಷಾ ಸಾಹೇಬರು ತಮ್ಮ ಅರವತ್ತಮೂರು ವರ್ಷಗಳ ಆಯುಷ್ಯದಲ್ಲಿ, ಒಂದೇ ಒಂದು ಸಲವನ್ನು ಬಿಟ್ಟರೆ, ತಮ್ಮ ಟೀಮು ಗೆಲ್ಲುತ್ತದೆ ಎಂದು ಬಾಯಿಬಿಟ್ಟು ಹೇಳಿದವರಲ್ಲ. ಎದುರಾಳಿ ಎಂಥ ಬಡಕಲು ತಂಡವೇ ಆಗಿರಲಿ, ನಮ್ಮ ಕಡೆ ಎಂಥ ಆನೆಬಲವೇ ಇರಲಿ, ಪಂದ್ಯದ ಹಿಂದಿನ ದಿನ ಯಾರಾದರೂ ಅವರ ಅಂಗಡಿಯ ಮುಂದೆ ನಿಂತು "ಹೆಂಗೆ ಸಾಬ್ರೇ ಈ ಸಲ?" ಎಂದರೆ, ಹೊಲಿಗೆ ಯಂತ್ರದಿಂದ ಕಣ್ಣೆತ್ತದೆ, ಹಲ್ಲಿನಲ್ಲಿ ಕಚ್ಚಿದ ದಾರವನ್ನೂ ತೆಗೆಯದೆ, "ಸೋಲ್ತೀವಿ, ಬರ್ಕೊಳ್ಳಿ" ಎನ್ನುತ್ತಾರೆ. ಬರೆದುಕೊಳ್ಳಬೇಕಾದವನು ಯಾರು, ಎಲ್ಲಿ ಬರೆದುಕೊಳ್ಳಬೇಕು ಎಂಬುದನ್ನು ಅವರು ಯಾವತ್ತೂ ತಿಳಿಸಿಲ್ಲ.

ಅವರ ಟೀಮೆಂದರೆ ತರೀಕೆರೆಯ ನಮ್ಮ ಕಾಲೇಜಿನ ಹುಡುಗಿಯರ ಕಬಡ್ಡಿ ಟೀಮು. ಆ ಕಾಲೇಜಿನಲ್ಲಿ ನಾನು ಹದಿನೆಂಟು ವರ್ಷ ಕನ್ನಡ ಪಾಠ ಮಾಡಿದೆ. ಸಾಹೇಬರು ಒಂದು ದಿನವೂ ಓದಲಿಲ್ಲ. ಹತ್ತನೆಯ ತರಗತಿ ಪಾಸಾಗಿ ಅರ್ಜಿ ಫಾರಂ ತಂದಿಟ್ಟುಕೊಂಡಿದ್ದ ಬೇಸಿಗೆಯಲ್ಲೇ ತಂದೆಯ ಕಣ್ಣು ಮಂಜಾಗಿ, ಹುಡುಗ ಯಂತ್ರದ ಮುಂದೆ ಕೂತದ್ದು ಕೂತದ್ದೇ. ಬೈಕಿನ ಸೀಟು, ಆಟೋದ ಹುಡ್ಡು, ಬಸ್ಸಿನ ಸೀಟುಗಳನ್ನು ಹೊಲಿಯುವ ಆ ಕುಶನ್ ಅಂಗಡಿ ಕಾಲೇಜಿನ ಗೇಟಿಗೆ ಸರಿಯಾಗಿ ಎದುರು ಇದೆ. ನಲವತ್ತೇಳು ವರ್ಷ ಒಂದೇ ಗೇಟನ್ನು ನೋಡುತ್ತ ಕೂತವನಿಗೆ ಆ ಗೇಟಿನೊಳಗಿನದೆಲ್ಲ ತನ್ನದು ಅನ್ನಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ನಲವತ್ತೇಳು ವರ್ಷ ಪೆಡಲು ತುಳಿದ ಬಲಗಾಲು ನೆಲದ ಮೇಲೂ ತನ್ನ ಅಭ್ಯಾಸ ಬಿಡುವುದಿಲ್ಲ. ಒಂದು ಹೆಜ್ಜೆ ಹಗುರ, ಇನ್ನೊಂದು ಹೆಜ್ಜೆ ಒತ್ತಿ ಊರಿ, ರಸ್ತೆಯನ್ನೇ ಹೊಲಿಯುತ್ತ ಹೋಗುವವರಂತೆ ನಡೆಯುತ್ತಾರೆ. ಪಂದ್ಯವಿದ್ದ ದಿನ ಮೈಮೇಲೆ ಒಂದು ಮರೂನ್ ಕೋಟು. ಖಾಸಗಿ ಬಸ್ಸೊಂದರ ಸೀಟುಗಳಿಗೆಂದು ತಂದ ದಪ್ಪ ಬಟ್ಟೆ ಮಿಕ್ಕಿತ್ತು, ಕಾಲೇಜಿನ ಬಣ್ಣವೂ ಮರೂನೇ ಆಗಿತ್ತು, ಸಾಹೇಬರು ಕತ್ತರಿ ಎತ್ತಿಕೊಂಡರು. ಮಾರ್ಚಿ ತಿಂಗಳ ಉರಿಬಿಸಿಲಿನಲ್ಲಿ ಆ ಕೋಟಿನೊಳಗೆ ಬೇಯುತ್ತ ಮೈದಾನಕ್ಕೆ ಅವರು ಮೊದಲ ಸಲ ಬಂದಾಗ, ಗೆಳೆಯ ಈರಣ್ಣ ಇಡೀ ಮೈದಾನಕ್ಕೆ ಕೇಳುವಂತೆ, "ಲೇ ಪಾಷಾ, ಯಾವ ಬಸ್ಸಿನ ಸೀಟ್ ಕಿತ್ಕೊಂಡ್ ಬಂದ್ಯೋ?" ಎಂದು ಕೂಗಿದ್ದರಂತೆ.

ಈ ಈರಣ್ಣನವರದು ಊರಾಚೆ ತೆಂಗಿನ ತೋಟ, ಒಂದಿಷ್ಟು ಖುಷ್ಕಿ ಜಮೀನು. ಇಬ್ಬರೂ ಮೂವತ್ತು ವರ್ಷಗಳಿಂದ ಮೈದಾನದ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಆಟ ನೋಡುತ್ತ ಬಂದವರು. ಕಲ್ಲು ಚಳಿಗೆ ಕೊರೆಯುತ್ತದೆ, ಬಿಸಿಲಿಗೆ ಸುಡುತ್ತದೆ ಎಂದು ಸಾಹೇಬರು ಇಬ್ಬರಿಗೂ ಸೇರಿ ಒಂದೇ ಉದ್ದನೆಯ ರೆಕ್ಸಿನ್ ಮೆತ್ತೆ ಹೊಲಿದಿದ್ದರು. ಅವರ ನಡುವೆ ಒಂದು ಕಟ್ಟುಪಾಡಿತ್ತು: ಆಟ ನಡೆಯುವಾಗ ಆಟದ ಮಾತು, ಹಾಫ್‌ಟೈಮಿನಲ್ಲಿ ಮಾತ್ರ ದೇಶದ ಮಾತು.

ಆ ಹಾಫ್‌ಟೈಮಿನ ಐದು ನಿಮಿಷಕ್ಕಾಗಿಯೇ ನಾನು ಎಷ್ಟೋ ಸಲ ಕ್ಲಾಸು ಬೇಗ ಬಿಟ್ಟು ಬೆಂಚಿನ ಪಕ್ಕ ಹೋಗಿ ನಿಂತದ್ದುಂಟು. ವಿರೋಧ ಪಕ್ಷಗಳ ಮೈತ್ರಿಯ ಬಗ್ಗೆ ಸಾಹೇಬರ ಅಭಿಪ್ರಾಯ ಇದು: "ಎಲ್ರೂ ಕೈ ಕೈ ಹಿಡ್ಕೊಂಡು ಚೈನ್ ಕಟ್ಟವ್ರೆ ಮೇಷ್ಟ್ರೇ, ಆದ್ರೆ ಒಬ್ಬೊಬ್ರಿಗೂ ತಾನೇ ರೈಡಿಗೆ ಹೋಗ್ಬೇಕು ಅಂತ ಆಸೆ. ಎದುರಿನೋನು ಒಳಗೆ ಬರೋಕ್ ಮುಂಚೇನೇ ಕೈ ಬಿಟ್ಬಿಡ್ತಾರೆ." ಆಳುವವರ ಬಗ್ಗೆ: "ಉಸಿರು ಬಿಗಿಹಿಡ್ಕೊಂಡು ಕಬಡ್ಡಿ ಕಬಡ್ಡಿ ಅಂತ ಕೂಗೋದೇನೋ ಜೋರಾಗೈತೆ. ಹೋಗಿ ಆ ರೇಟು ಏರಿರೋದನ್ನ ಮುಟ್ಕೊಂಡ್ ಬನ್ನಿ ಅಂದ್ರೆ ನಡುಗೆರೆ ದಾಟಲ್ಲ." ಎರಡಕ್ಕೂ ಮುಕ್ತಾಯ ಒಂದೇ: "ಈ ದೇಶದ ಕತೆ ಮುಗೀತು, ಬರ್ಕೊಳ್ಳಿ." ಆಮೇಲೆ ರೆಫರಿಯ ಸೀಟಿ ಕೇಳುತ್ತಿತ್ತು, ದೇಶವನ್ನು ಅಲ್ಲಿಗೇ ಬಿಟ್ಟು ಇಬ್ಬರೂ ಅಂಕಣದ ಕಡೆ ತಿರುಗುತ್ತಿದ್ದರು.

ನಾನು ಕಾಲೇಜಿಗೆ ಹೊಸಬನಾಗಿದ್ದಾಗ ಈ ಅಪಶಕುನದ ಮಾತು ಕೇಳಿ ಕಸಿವಿಸಿಗೊಂಡಿದ್ದೆ. ಆಗ ನನ್ನನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿದವರು ಈರಣ್ಣನೇ. "ಅವ್ನು ದೃಷ್ಟಿ ತೆಗೀತಾವ್ನೆ ಮೇಷ್ಟ್ರೇ. ಯಾವ್ದರ ಮೇಲೆ ಪ್ರಾಣ ಇಟ್ಕೊಂಡವ್ನೋ ಅದು ಹಾಳಾಗೋಯ್ತು ಅಂತಾನೆ. ಎಲೆಕ್ಷನ್ನಲ್ಲಿ ಯಾವ ಪಾರ್ಟಿ ಸೋಲುತ್ತೆ ಅಂತಾನೋ ಅದುಕ್ಕೇ ಅವ್ನ ವೋಟು." ಈ ಗುಟ್ಟು ಬಲ್ಲವರು ಊರಿನಲ್ಲಿ ಇಬ್ಬರೇ, ಒಬ್ಬರು ಈರಣ್ಣ, ಇನ್ನೊಬ್ಬರು ಸಾಹೇಬರ ಹೆಂಡತಿ ಖುರ್ಷಿದ್ ಬೇಗಂ, ಮೂವತ್ತೆಂಟು ವರ್ಷಗಳಿಂದ ದಿನಾ ತಮ್ಮ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಕೇಳಿಸಿಕೊಂಡು ಎರಡನೆಯ ಸಲ ಬಡಿಸುತ್ತ ಬಂದ ಮಹಾತಾಯಿ.

ಟೀಮಿನ ಹುಡುಗಿಯರೂ ಗುಟ್ಟು ತಿಳಿಯದೆಯೇ ಅದನ್ನೊಂದು ಶಾಸ್ತ್ರ ಮಾಡಿಕೊಂಡಿದ್ದರು. ಪಂದ್ಯಕ್ಕೆ ಹೊರಡುವ ಮುನ್ನ ಹರಿದ ಮಂಡಿಪಟ್ಟಿಗಳನ್ನು ಹೊತ್ತು ಅಂಗಡಿಗೆ ಬರಬೇಕು, ಸಾಹೇಬರು ಹೊಲಿದುಕೊಡಬೇಕು, ಕೊಡುವಾಗ "ಸೋತು ಬರ್ತೀರ, ಹೋಗಿ" ಎನ್ನಬೇಕು, ಇವರು ನಕ್ಕು ಬಸ್ಸು ಹತ್ತಬೇಕು. ಆ ಮಾತು ಕೇಳದೆ ಅವರು ಒಮ್ಮೆಯೂ ಅಂಕಣಕ್ಕೆ ಇಳಿದವರಲ್ಲ.

ಹೋದ ಜನವರಿಯಲ್ಲಿ ಎಲ್ಲವೂ ಕೆಟ್ಟಿತು. ಅಭ್ಯಾಸದ ಪಂದ್ಯವೊಂದರ ಹಾಫ್‌ಟೈಮು; ಪಾರ್ಲಿಮೆಂಟಿನ ಗದ್ದಲದ ಬಗ್ಗೆ ಮಾತು ಬಂದು, ಯಾಕೋ ಇಬ್ಬರ ದನಿಯೂ ಏರಿ, ಸೀಟಿ ಊದಿದ ಮೇಲೂ ನಿಲ್ಲಲಿಲ್ಲ. ಕಟ್ಟುಪಾಡು ಮುರಿದದ್ದು ಅದೇ ಮೊದಲು. ಸಾಹೇಬರು ಎಂದಿನಂತೆ, "ಈ ದೇಶ ಇನ್ನು ಉಳಿಯಲ್ಲ, ಬರ್ಕೋ" ಎಂದರು. ಈರಣ್ಣ ಹೆಗಲ ಟವೆಲ್ಲು ಕೊಡವಿ ಎದ್ದು, "ನಿಂಗೇನಪ್ಪಾ, ನಿಮ್ಮೋರಿಗೆ ಈ ದೇಶ ಸೋಲೋದೇ ಬೇಕು" ಎಂದುಬಿಟ್ಟರು.

ಟೀವಿಯಲ್ಲಿ ಇಂಥ ಮಾತು ಸಾಹೇಬರು ಕೇಳಿರದೆ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ಚಹಾದಂಗಡಿಯಲ್ಲಿ ಬೆನ್ನ ಹಿಂದೆ ಆಡಿದ್ದನ್ನೂ ಕೇಳಿ ಸುಮ್ಮನಾಗಿದ್ದರು. ಆದರೆ ಸೋಲ್ತೀವಿ ಎಂಬ ಮಾತಿನ ಒಳಗೇನಿದೆ ಎಂದು ಬಲ್ಲ ಒಬ್ಬನೇ ಗೆಳೆಯ, ಅದನ್ನೇ ಹಿಡಿದು ಅವರ ಮುಖಕ್ಕೆ ಎಸೆದಿದ್ದ. ನಾನು ಅಲ್ಲೇ ಇದ್ದೆ. ಸಾಹೇಬರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು, ಮೆತ್ತೆಯನ್ನು ಬೆಂಚಿನ ಮೇಲೇ ಬಿಟ್ಟು, ಒಂದು ಹೆಜ್ಜೆ ಹಗುರ ಒಂದು ಹೆಜ್ಜೆ ಭಾರವಾಗಿ ಗೇಟು ದಾಟಿ ಹೋದರು.

ಮರುದಿನದಿಂದ ಅವರು ಬೇರೆಯೇ ಮನುಷ್ಯರಾದರು. ಅಂಗಡಿಯ ಮುಂದೆ ನಿಂತು "ದೇಶ ಹೆಂಗೈತೆ ಸಾಬ್ರೇ?" ಎಂದವರಿಗೆ "ಚೆನ್ನಾಗೈತೆ" ಎಂದರು. ಕೋಟು ಗೋಡೆಯ ಮೊಳೆಗೆ ಏರಿತು. ಒಂದು ಸಂಜೆ ಖುರ್ಷಿದ್ ಬೇಗಂ ರಸ್ತೆಯಲ್ಲಿ ನನ್ನನ್ನು ನಿಲ್ಲಿಸಿ, ಸೆರಗು ಸರಿಮಾಡಿಕೊಳ್ಳುತ್ತ ಹೇಳಿದರು: "ಮೂರು ದಿನದಿಂದ ಸಾರು ಚೆನ್ನಾಗೈತೆ ಅಂತಾವ್ರೆ ಮೇಷ್ಟ್ರೇ. ನಂಗೆ ಹೆದ್ರಿಕೆ ಆಗ್ತೈತೆ." ನನಗೆ ನಗು ಬಂತು, ಆಮೇಲೆ ನನಗೂ ಹೆದರಿಕೆಯಾಯಿತು.

ಫೆಬ್ರುವರಿಯಲ್ಲಿ ಟೂರ್ನಮೆಂಟು. ಅಜ್ಜಂಪುರದಲ್ಲಿ ಮೊದಲ ಪಂದ್ಯ, ವಾರದ ನಂತರ ನಮ್ಮದೇ ಮೈದಾನದಲ್ಲಿ ಕಡೂರಿನವರ ಮೇಲೆ ಎರಡನೆಯದು. ತಂಡದ ನಾಯಕಿ ಲಕ್ಕವಳ್ಳಿಯ ಭವ್ಯ. ಅಪ್ಪ ಡ್ಯಾಮಿನಲ್ಲಿ ಗೇಟು ನೋಡಿಕೊಳ್ಳುವವರು, ಮಗಳು ಅಂಕಣದೊಳಗೆ ನುಗ್ಗಿದರೆ ಯಾವ ಗೇಟಿಗೂ ನಿಲ್ಲುವವಳಲ್ಲ. ಅವಳು ಗೆಳತಿಯರೊಂದಿಗೆ ಮಂಡಿಪಟ್ಟಿ ತಂದಳು. ಸಾಹೇಬರು ಅಚ್ಚುಕಟ್ಟಾಗಿ ಹೊಲಿದರು, ದಾರ ಕಡಿದರು, ಕೈಗಿಟ್ಟರು, "ಗೆಲ್ತೀಯ ತಾಯಿ, ಹೋಗ್ಬಾ" ಎಂದರು. ಹುಡುಗಿಯರು ನಗಲಿಲ್ಲ.

"ಚಾಚಾ, ಹಂಗಲ್ಲ, ಸೋಲ್ತೀರ ಅನ್ನಿ," ಎಂದಳು ಭವ್ಯ.

"ಇಲ್ಲಮ್ಮ. ಇನ್ಮೇಲೆ ಆ ಮಾತು ಆಡಲ್ಲ ನಾನು."

ಅಜ್ಜಂಪುರದಲ್ಲಿ ಅವರು ಒಂಬತ್ತು ಪಾಯಿಂಟುಗಳಿಂದ ಸೋತರು. ಭವ್ಯ ಆಡಿದ ಹದಿನಾಲ್ಕು ರೈಡುಗಳಲ್ಲಿ ಆರು ಸಲ ಸಿಕ್ಕಿಬಿದ್ದಳು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಅದು ಸಾಹೇಬರ ಬಾಯಿಂದಾದ ಸೋಲೆಂದು ನಾನು ನಂಬುವವನಲ್ಲ. ಆದರೆ ಏಳು ಹುಡುಗಿಯರು ಗಟ್ಟಿಯಾಗಿ ನಂಬಿದ್ದರು. ಸುದ್ದಿ ತೆಂಗಿನ ತೋಟಕ್ಕೂ ಮುಟ್ಟಿತು.

ಕಡೂರಿನ ಪಂದ್ಯದ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಸಾಹೇಬರು ಅಂಗಡಿ ತೆರೆದಿದ್ದರು. ನಾನು ಸ್ಕೂಟರಿನ ಸೀಟು ಹಾಕಿಸಿಕೊಳ್ಳಲು ಹೋಗಿ ಸ್ಟೂಲಿನ ಮೇಲೆ ಕೂತಿದ್ದೆ. ಈರಣ್ಣ ಬಂದರು, ಕಂಕುಳಲ್ಲಿ ಆ ಉದ್ದನೆಯ ಮೆತ್ತೆ. ಹೊಸ್ತಿಲಾಚೆಯೇ ನಿಂತು, ಯಾರ ಮುಖವನ್ನೂ ನೋಡದೆ, "ಹೊಲಿಗೆ ಬಿಚ್ಚೋಗೈತೆ" ಎಂದರು.

ಸಾಹೇಬರು ಮೆತ್ತೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. "ಇದು ಬಿಚ್ಚಿದ್ದಲ್ಲ. ಬ್ಲೇಡಲ್ಲಿ ಕುಯ್ದಿರೋದು."

ಈರಣ್ಣನ ಕಿವಿ ಕೆಂಪಾಯಿತು. "ಹೌದು ಕಣೋ. ಅದಾಗೇ ಬಿಚ್ಕೊಳ್ಳಲಿ, ಅದರ ನೆಪದಲ್ಲಿ ಬತ್ತೀನಿ ಅಂತ ಮೂರು ವಾರ ಕಾದೆ. ಜಗಲಿ ಮೇಲೆ ಹಾಕ್ಕೊಂಡು ಕುಕ್ಕರಿಸಿ ಕುಕ್ಕರಿಸಿ ಕೂತೆ. ನಿನ್ ಹೊಲಿಗೆ ಬಿಚ್ಚಲಿಲ್ಲ." ಟವೆಲ್ಲಿನ ಅಂಚು ಹಿಂಡುತ್ತ ಮತ್ತೆ ಹೇಳಿದರು: "ಅವತ್ತು ನಾನಂದಿದ್ದು ತಪ್ಪು ಪಾಷಾ. ಬೇರೆಯೋರು ಅಂದಿದ್ರೆ ಅವ್ರಿಗೆ ಗೊತ್ತಿಲ್ಲ ಅನ್ನಬೋದಿತ್ತು. ನಂಗೆ ಗೊತ್ತಿತ್ತು."

ಸಾಹೇಬರು ಮೆತ್ತೆಯನ್ನು ಸೂಜಿಯ ಕೆಳಗೆ ಸರಿಸಿ ಪೆಡಲು ಒತ್ತಿದರು. ಕುಯ್ದಷ್ಟುದ್ದಕ್ಕೂ ಒಂದು ಹೊಲಿಗೆ, ಅದರ ಪಕ್ಕಕ್ಕೆ ಇನ್ನೊಂದು. ಆ ಸದ್ದು ನಿಲ್ಲುವವರೆಗೆ ನಾವಿಬ್ಬರೂ ಉಸಿರು ಬಿಗಿಹಿಡಿದುಕೊಂಡಿದ್ದೆವು. ಯಂತ್ರ ನಿಂತ ಮೇಲೆ ಈರಣ್ಣ ಹೆದರುತ್ತ ಹೆದರುತ್ತ ಕೇಳಿದರು, "ದೇಶ ಹೆಂಗೈತೋ?"

ಸಾಹೇಬರು ಬಗ್ಗಿ ದಾರ ಕಚ್ಚಿದರು. ದಾರ ಹಲ್ಲಿನಲ್ಲಿ ಇದ್ದ ಹಾಗೆಯೇ ಹೇಳಿದರು: "ಮುಗೀತು ಕಣೋ. ಇನ್ನು ಉಳಿಯಲ್ಲ."

"ನಾಳೆ ಮ್ಯಾಚು?"

"ಸೋಲ್ತೀವಿ. ಬರ್ಕೋ."

ಈರಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅಷ್ಟು ಹೊತ್ತಿಗೆ ಗೇಟಿನ ಬಳಿ ಮಂಡಿಪಟ್ಟಿ ಹಿಡಿದು ಅನುಮಾನಿಸುತ್ತ ನಿಂತಿದ್ದ ಭವ್ಯಳನ್ನು ಕಂಡು, "ಬಾರಮ್ಮ, ಬಾ! ಸೋಲ್ತೀರಂತೆ!" ಎಂದು ಅವರು ಕೂಗಿದ ದನಿಗೆ ರಸ್ತೆಯಲ್ಲಿ ಹೋಗುತ್ತಿದ್ದವರೆಲ್ಲ ತಿರುಗಿ ನೋಡಿದರು. ಹುಡುಗಿ ಓಡಿಬಂದಳು.

ಮರುದಿನ ಕೋಟು ಮೊಳೆಯಿಂದಿಳಿಯಿತು, ಮೆತ್ತೆ ಬೆಂಚಿಗೇರಿತು. ಭವ್ಯ ಆ ದಿನ ಆಡಿದ ಆಟವನ್ನು ವರ್ಣಿಸುವ ಶಕ್ತಿ ನನ್ನ ಲೇಖನಿಗಿಲ್ಲ. ಒಂದು ರೈಡಿನಲ್ಲಿ ಮೂವರನ್ನು ಮುಟ್ಟಿ, ಕಾಲು ಹಿಡಿದ ನಾಲ್ಕನೆಯವಳನ್ನೂ ಎಳೆದುಕೊಂಡೇ ನಡುಗೆರೆಗೆ ಕೈ ಚಾಚಿದಾಗ ಇಡೀ ಮೈದಾನ ಎದ್ದು ನಿಂತಿತ್ತು. ಕಡೆಯ ನಿಮಿಷದಲ್ಲಿ ಕಡೂರಿನವರು ಒಂದು ಬೋನಸ್ ಕದ್ದರು. ನಾವು ಒಂದೇ ಒಂದು ಪಾಯಿಂಟಿನಿಂದ ಸೋತೆವು. "ನಾನು ಹೇಳಿರ್ಲಿಲ್ವಾ?" ಎಂದು ಸಾಹೇಬರು ನನ್ನ ಕಡೆ ತಿರುಗಿದರು, ಮೂಗಿನ ತುದಿಯವರೆಗೂ ಇಳಿದ ಕಣ್ಣೀರನ್ನು ಕೋಟಿನ ತೋಳಿನಲ್ಲಿ ಒರೆಸಲು ಹೋದರೆ, ಆ ಬಸ್ಸಿನ ಸೀಟಿನ ಬಟ್ಟೆ ಒಂದು ಹನಿಯನ್ನೂ ಹೀರದೆ ಮುಖವೆಲ್ಲ ಒದ್ದೆಯಾಯಿತು. ಈರಣ್ಣ ತಮ್ಮ ಟವೆಲ್ಲು ಕೊಟ್ಟರು. ಆಮೇಲೆ ಆ ಬೋನಸ್ಸು ಸರಿಯೋ ತಪ್ಪೋ ಎಂದು ಜಗಳವಾಡುತ್ತ, ಮೆತ್ತೆಯ ಒಂದೊಂದು ತುದಿ ಹಿಡಿದುಕೊಂಡು ಗೇಟು ದಾಟಿದರು.

ಅಂದು ಸಾರಿಗೆ ಉಪ್ಪು ಹೆಚ್ಚಾಗಿತ್ತೆಂದು ಮರುದಿನ ಖುರ್ಷಿದ್ ಬೇಗಂ ನನಗೆ ನಗುನಗುತ್ತ ತಿಳಿಸಿದರು.

ಇಂಥವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಮಗುವನ್ನು ಎತ್ತಿಕೊಂಡು ಎಷ್ಟು ಕಪ್ಪಗಾಗಿದೆಯಲ್ಲ ಎನ್ನುವ ಅಜ್ಜಿಯರು, ಮನೆ ಕಟ್ಟಿ ಮುಗಿಸಿದ ದಿನವೇ ಗೋಡೆಯ ಬಿರುಕು ಹುಡುಕುವ ಯಜಮಾನರು. ಅವರ ಬಾಯಿ ಕಹಿಯೆಂದು ಲೋಕ ದೂರ ಸರಿಯುತ್ತದೆ, ಒಮ್ಮೊಮ್ಮೆ ಅವರ ನಿಷ್ಠೆಯನ್ನೇ ಶಂಕಿಸುತ್ತದೆ. ಜಯಘೋಷ ಹಾಕುವವರ ನಡುವೆ ಅವರು ಎದ್ದು ಕಾಣುವುದಿಲ್ಲ. ಸೋತ ದಿನ ಮೈದಾನ ಖಾಲಿಯಾದ ಮೇಲೆ ಬೆಂಚಿನ ಮೇಲೆ ಉಳಿದವರು ಯಾರೆಂದು ನೋಡಿದರೆ ಕಾಣುತ್ತಾರೆ. ನೀವು ಗೆಲ್ಲುತ್ತೀರಿ ಎಂದು ದಾರಿಹೋಕನೂ ಹಾರೈಸಿ ಹೋಗಬಹುದು. ಸೋಲ್ತೀವಿ ಎಂದು ಎದೆ ನಡುಗುವುದು ಒಳಗಿನವನಿಗೆ ಮಾತ್ರ. ಇಷ್ಟನ್ನು ಬರೆದುಕೊಳ್ಳಲು ನನಗೆ ಹದಿನೆಂಟು ವರ್ಷ ಬೇಕಾಯಿತು.