ಅಣ್ಣನ ಉಗ್ಗು

ವಗ್ದಿಯ ಮುಖ ಕೈರೋದಲ್ಲಿ ಎಲ್ಲರಿಗೂ ಗೊತ್ತಿತ್ತು, ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹಗಲು ಸ್ಟುಡಿಯೋದಲ್ಲಿ ಪಾಷಾ, ಪೊಲೀಸ್, ಜೇಬುಗಳ್ಳ. ಸಂಜೆ ಇಮಾದುದ್ದೀನ್ ಬೀದಿಯ ರಂಗಮಂದಿರದಲ್ಲಿ ಕಾಜಿ, ಇಲ್ಲವೇ ಕುರುಡ. ಯಾವ ವೇಷ ಕೊಟ್ಟರೂ ಅದರೊಳಗೆ ಮಾಯವಾಗಿಬಿಡುತ್ತಿದ್ದ. ತಲೆ ನರೆಯತೊಡಗಿದ ಮೇಲೆ ಅವನಿಗೆ ಹೆಸರು ತಂದದ್ದು ನಗೆನಾಟಕವೊಂದರ ಉಗ್ಗುವ ಕ್ಷೌರಿಕನ ಪಾತ್ರ. ಮಾತು ಸಿಕ್ಕಿಕೊಂಡಾಗ ಕಣ್ಣು ಮುಚ್ಚಿ, ಕತ್ತು ನೀಡಿ, ಗುಟುಕು ನುಂಗಿದಂತೆ ಮಾಡುತ್ತಿದ್ದ. ಜನ ಬಿದ್ದು ಬಿದ್ದು ನಕ್ಕರು.

ಅದು ಅವನ ಅಣ್ಣ ಸಾಬಿತ್ ಮಾತಾಡುವ ರೀತಿ. ಅಪ್ಪ ತೀರಿಕೊಂಡ ಮೇಲೆ ಊರಿನ ಶುಬ್ರಾ ಬಡಾವಣೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟು ತಮ್ಮನನ್ನು ನಟನೆಯ ಶಾಲೆಗೆ ಕಳಿಸಿದವನು ಅವನೇ. ಅಣ್ಣ ನಾಟಕಕ್ಕೆ ಬರುವವನಲ್ಲ ಎಂದು ವಗ್ದಿ ಧೈರ್ಯವಾಗಿದ್ದ. ಆದರೆ ನಾಟಕ ಟಿವಿಯಲ್ಲಿ ಬಂತು.

"ಏನಪ್ಪಾ ಸಾಬಿತ್, ತಮ್ಮನ್ನ ನೋಡಿ ನೀನೂ ಶುರು ಮಾಡಿದ್ಯಾ?" ಎಂದು ಗಿರಾಕಿಗಳು ಕೇಳತೊಡಗಿದರು. ಸಾಬಿತ್ ಮಾತನ್ನೇ ಕಡಿಮೆ ಮಾಡಿದ. ತಮ್ಮನಿಗೆ ಏನೂ ಅನ್ನಲಿಲ್ಲ. ವಗ್ದಿ ನಾಚಿಕೆಯಿಂದ ಶುಬ್ರಾ ಕಡೆ ತಲೆ ಹಾಕುವುದನ್ನೇ ಬಿಟ್ಟ.

ಹೀಗಿರುವಾಗ ಒಂದು ದಿನ ಅತ್ತಿಗೆ ಮಗಳ ಮದುವೆಯ ವಿಷಯಕ್ಕೆ ಫೋನ್ ಮಾಡಿದಳು. "ನಗ್ಲಾಗೆ ಗಂಡು ಗೊತ್ತಾಗಿದೆ. ಬೀಗರ ಹತ್ರ ನೀನೇ ಮಾತಾಡ್ಬೇಕಂತೆ. ನಿಮ್ಮಣ್ಣ ಹೇಳ್ತಿದಾರೆ."

ವಗ್ದಿ ಹೋದ. ಹೆಣ್ಣಿನ ತಂದೆ ಆಡಬೇಕಾದ ಮಾತನ್ನೆಲ್ಲ ತಾನೇ ಆಡಿದ. ಸಂಬಂಧ ಗಟ್ಟಿಮಾಡಿ ಫಾತಿಹಾ ಓದಿದರು, ಶರಬತ್ತು ಬಂತು. ಸಾಬಿತ್ ತಲೆಯಾಡಿಸುತ್ತ, ಮುಗುಳ್ನಗುತ್ತ ಕೂತಿದ್ದ. ಬೀಗರ ಕಣ್ಣಿಗೆ ಗಂಭೀರ ಮನುಷ್ಯ.

ಗಂಡಿನ ತಂದೆ ಹಾಜಿ ರಮ್ಜಿ ಲೋಟ ಕೆಳಗಿಟ್ಟು ಕೇಳಿದರು: "ಉಸ್ತಾದರೇ, ಆ ಕ್ಷೌರಿಕಂದು ಒಂದು ಮಾತಾಡಿ ತೋರಿಸ್ರಲ್ಲ. ನಮ್ಮನೆ ಹೆಂಗಸ್ರು ಅದಕ್ಕೇ ಬಂದಿರೋದು."

ವಗ್ದಿ ಅಣ್ಣನ ಕಡೆ ನೋಡಿದ. "ಅದು ನಂದಲ್ಲ ಹಾಜಿ. ನಮ್ಮಣ್ಣಂದು. ಅವನ ಮಾತು ಕದ್ದು ನಾನು ಹೊಟ್ಟೆ ಹೊರೀತಿದೀನಿ," ಎಂದುಬಿಟ್ಟ.

ಎದೆ ಹಗುರಾದೀತೆಂದು ಅವನು ತಿಳಿದಿದ್ದ. ಆದರೆ ಎಲ್ಲರೂ ಸಾಬಿತ್‌ನ ಬಾಯನ್ನೇ ನೋಡುತ್ತಿದ್ದರು. ಮೂಲೆಯಲ್ಲಿದ್ದ ಹೆಂಗಸೊಬ್ಬಳು ಮುಸುಕಿನೊಳಗೆ ಕಿಸಕ್ಕನೆ ನಕ್ಕಳು. ನಗ್ಲಾ ಎದ್ದು ಒಳಗೆ ಹೋದಳು.

ಬೀಗರನ್ನು ಕಳಿಸಿಕೊಟ್ಟ ಮೇಲೆ ಸಾಬಿತ್ ಮೆಟ್ಟಿಲ ಮೇಲೆ ತಮ್ಮನನ್ನು ನಿಲ್ಲಿಸಿದ.

"ಒ... ಒಂದಿನ ನಾನು ಎಲ್ಲರ ಹಾಗೆ ಕೂತಿದ್ದೆ ಕಣೋ. ಅದ... ಅದನ್ನೂ ಬಿಡ್ಲಿಲ್ವಲ್ಲ."

"ಇದ್ದದ್ದು ಹೇಳಿದೆ, ಅಣ್ಣ. ತಪ್ಪು ಒಪ್ಕೊಂಡೆ."

"ನನ್ನ ಹತ್ರ ಒ... ಒಪ್ಕೋಬೇಕಿತ್ತು. ಅವರ ಹತ್ರ ಯಾಕೆ?"

ವಗ್ದಿ ಮೆಟ್ಟಿಲಿಳಿದ. ಅಣ್ಣನ ಮನೆಯಲ್ಲೂ ತಾನು ರಂಗದ ಮೇಲಿನಂತೆ ಸಭೆ ಕಂಡೊಡನೆ ಸಭೆಗೇ ಮಾತಾಡಿದ್ದೆನೆಂದು ದಾರಿಯಲ್ಲಿ ಅರಿವಾಗಿ, ಟ್ರಾಮಿನಲ್ಲಿ ಗುರುತು ಹಿಡಿದವರಿಂದ ಮುಖ ತಿರುಗಿಸಿಕೊಂಡ.

ಮದುವೆ ನಡೆಯಿತು. ವಗ್ದಿ ಆ ಪಾತ್ರ ಬಿಟ್ಟ. ಬೇರೊಬ್ಬ ನಟ ಅದನ್ನು ಹಾಗೆಯೇ ಮಾಡಿದ, ಜನ ಹಾಗೆಯೇ ನಕ್ಕರು. ಈದ್ ಬಂದಾಗಲೆಲ್ಲ ಅವನು ಶುಬ್ರಾಕ್ಕೆ ಹೋಗುತ್ತಾನೆ. ಸಾಬಿತ್ ಟೀ ತರಿಸುತ್ತಾನೆ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ, ಹೊರಡುವಾಗ ಭುಜ ತಟ್ಟುತ್ತಾನೆ. ಮಾತು ಮಾತ್ರ ಆಡುವುದಿಲ್ಲ.